ಜರ್ಮನಿಯ ನಗರ ರೈಲು: ಸ್ವಾಮ್ಯದ ವಿಚಾರ

ನಗರದೊಳಗೆ ಸಂಚರಿಸತಕ್ಕ ರೈಲು ಪೌರಸಮುದಾಯದ ಸೊತ್ತಾಗಿರಬೇಕೆ, ಬಂಡವಾಳ ಹೂಡಿದ ಖಾಸಗಿಯವರ ಸೊತ್ತಾಗಿರಬೇಕೆ ಎಂಬ ವಿವಾದದಲ್ಲಿ ಜರ್ಮನಿಯನ್ನು ಎರಡು ಪಕ್ಷದವರೂ ತಮ್ಮ ಸಾಕ್ಷಿಯೆಂದು ಕರೆಯುವುದುಂಟು. ಆದರೆ ಆ ದೇಶದ ಒಂದೂವರೆ ಶತಮಾನದ ವೃತ್ತಾಂತವನ್ನು ಸಾವಧಾನವಾಗಿ ಪರಿಶೀಲಿಸಿದವರಿಗೆ, ತತ್ತ್ವಜಿಜ್ಞಾಸೆ ಅಲ್ಲಿ ಯಾವಾಗಲೂ ಹಿಂದಿನಿಂದ ಬಂದಿತೆಂದೂ, ಮುಂದೆ ನಡೆದದ್ದು ನಷ್ಟವನ್ನು ಹೊರುವವರಾರು ಎಂಬ ಲೆಕ್ಕಾಚಾರವೆಂದೂ ತೋರದಿರದು.

ಆರಂಭದಲ್ಲಿ ಎಲ್ಲವೂ ಖಾಸಗಿಯೇ. 1865ರಲ್ಲಿ ಬರ್ಲಿನ್ನಿನಿಂದ ಷಾರ್ಲೊಟೆನ್‌ಬುರ್ಗಿಗೆ ಹೊರಟ ಕುದುರೆ ಟ್ರಾಮೂ, 1881ರಲ್ಲಿ ವೆರ್ನರ್ ಫಾನ್ ಸೀಮೆನ್ಸನು ಲಿಖ್ಟರ್‌ಫೆಲ್ಡೆಯಲ್ಲಿ ಓಡಿಸಿದ ವಿದ್ಯುತ್ ಟ್ರಾಮೂ ಉದ್ಯಮಿಗಳ ಸಾಹಸಗಳು. ಆದರೆ ಹಳಿ ಕಂಪನಿಯದಾದರೂ ಬೀದಿ ಊರಿನದು. ರಸ್ತೆಯನ್ನು ಪಾಲಿಸುವ ಹೊಣೆ ಹೊತ್ತವರ ಸಮ್ಮತಿಯಿಲ್ಲದೆ ಹಳಿ ಹಾಸಕೂಡದೆಂದೂ, ಆ ಸಮ್ಮತಿಗೆ ಪ್ರತಿಯಾಗಿ, ಅವಧಿ ತೀರಿದ ತರುವಾಯ ಮಾರ್ಗವನ್ನು ತಾವೇ ಕೊಳ್ಳುವ ಹಕ್ಕನ್ನು ಅವರು ಕಾದಿರಿಸಿಕೊಳ್ಳಬಹುದೆಂದೂ ಬರ್ಲಿನ್ ಸೇರಿದ್ದ ಪ್ರಷ್ಯ ರಾಜ್ಯದ 1892ರ ಶಾಸನವು ವಿಧಿಸಿದ್ದರಿಂದ, ಪೌರಸಭೆಗಳ ಕೈಗೆ ಬಲವಾದ ಆಯುಧವೊಂದು ದೊರೆತಂತಾಯಿತು. ಲಾಭವಿಲ್ಲದ ಹೊರಬಡಾವಣೆಗಳಿಗೆ ಹಳಿಯನ್ನು ಬೆಳೆಸಲು ಕಂಪನಿಗಳು ಹಿಂಜರಿಯುತ್ತಿದ್ದುವು. ಪೌರಸಭೆಗಳಿಗಾದರೋ ತಮ್ಮ ಹೊಸ ವಿದ್ಯುತ್ ಕೇಂದ್ರಗಳಿಗೆ ಹಗಲೆಲ್ಲ ವಿದ್ಯುತ್ತನ್ನು ಕೊಳ್ಳುವ ಗಿರಾಕಿಯೊಂದು ಬೇಕಾಗಿದ್ದಿತು. ಹೀಗಾಗಿ ಫ್ರಾಂಕ್‌ಫರ್ಟ್ 1898ರಲ್ಲಿಯೂ, ಕಲೋನ್ 1900ರಲ್ಲಿಯೂ, ಮ್ಯೂನಿಕ್ 1907ರಲ್ಲಿಯೂ ತಂತಮ್ಮ ಟ್ರಾಮುಗಳನ್ನು ವಶಪಡಿಸಿಕೊಂಡುವು. ಈ ಪೌರಸಭೆಗಳನ್ನು ಆಳುತ್ತಿದ್ದವರು ಬಹುಮಟ್ಟಿಗೆ ಆಸ್ತಿವಂತ ವರ್ತಕರೇ ಹೊರತು ಸಮಾಜವಾದಿಗಳಲ್ಲ. ನಮ್ಮ ಮೈಸೂರು ಸಂಸ್ಥಾನವೂ 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಗಣಿಗಳಿಗೆ ಒದಗಿಸಿದಾಗ ಸಿದ್ಧಾಂತವನ್ನು ಕೇಳಿ ಹೊರಟದ್ದಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ಬರ್ಲಿನ್ನಿನ ಕಥೆ ಇದಕ್ಕಿಂತ ಜಟಿಲವಾದುದು. ನಗರದ ನಡುವೆ ಕಮಾನುಗಳ ಮೇಲೆ ಹಾಯುವ ಷ್ಟಾಡ್ಟ್‌ಬಾನನ್ನು ಕಟ್ಟಲು ಮುಂದಾದ ಖಾಸಗಿ ಸಂಸ್ಥೆಯು 1873ರ ಆರ್ಥಿಕ ಕುಸಿತದ ತರುವಾಯ ಕೈಚೆಲ್ಲಲು, ಪ್ರಷ್ಯ ಸರ್ಕಾರವೇ ಅದನ್ನು ಪೂರೈಸಿ 1882ರಲ್ಲಿ ತೆರೆಯಿತು. ಸುರಂಗ ರೈಲನ್ನು ಮಾತ್ರ ಸೀಮೆನ್ಸ್ ಸಂಸ್ಥೆಯೂ ಡಾಯ್ಚ ಬ್ಯಾಂಕೂ ಕೂಡಿ 1897ರಲ್ಲಿ ಸ್ಥಾಪಿಸಿದ ಹೋಖ್‌ಬಾನ್ ಕಂಪನಿಯು ಕಟ್ಟಿ 1902ರಲ್ಲಿ ಓಡಿಸತೊಡಗಿತು. ಇದನ್ನು ಕಂಡು, ಇನ್ನೂ ಸ್ವತಂತ್ರ ಪಟ್ಟಣವಾಗಿದ್ದ ಶ್ಯೋನೆಬೆರ್ಗ್ ತನ್ನದೇ ಖರ್ಚಿನಲ್ಲಿ ಸುರಂಗ ರೈಲೊಂದನ್ನು ಕಟ್ಟಿ 1910ರಲ್ಲಿ ತೆರೆಯಿತು. ಬರ್ಲಿನ್ ಪೌರಸಭೆಯೂ ಉತ್ತರ-ದಕ್ಷಿಣ ಮಾರ್ಗವನ್ನು ತಾನೇ ಕೈಗೊಂಡು, ನಡುವೆ ಬಂದ ಮೊದಲ ಮಹಾಯುದ್ಧವನ್ನು ದಾಟಿ 1923ರಲ್ಲಿ ಅದರ ಮೊದಲ ಭಾಗವನ್ನು ತೆರೆಯಿತು. ಇದೇ ವೇಳೆಗೆ ವಿದ್ಯುತ್ ಸಲಕರಣೆಗಳ ಎ.ಇ.ಜಿ. ಕಂಪನಿಯು ಒಪ್ಪಿಕೊಂಡಿದ್ದ ಇನ್ನೊಂದು ಮಾರ್ಗದ ಗತಿ ನೋಡತಕ್ಕದ್ದು: ಯುದ್ಧಾನಂತರದ ಬೆಲೆಗಳಲ್ಲಿ ಲಾಭದ ಆಸೆ ಅಳಿದುಹೋಗಲು ಕಂಪನಿ ಒಪ್ಪಂದದಿಂದ ಜಾರಿಕೊಳ್ಳಲೆಳಸಿತು, ಪೌರಸಭೆ ನ್ಯಾಯಾಲಯಕ್ಕೆ ಹೋಗಿ ಗೆದ್ದಿತು, ಗೆಲುವಿನ ಫಲವಾಗಿ ಅರ್ಧ ತೋಡಿದ ಸುರಂಗಗಳು ಅದರ ಮಡಿಲಿಗೆ ಬಿದ್ದುವು, ಅವನ್ನು ಮುಗಿಸಿ 1927ರಿಂದ 1930ರೊಳಗೆ ತೆರೆಯುವ ವೆಚ್ಚವೂ ಅದರದೇ ಆಯಿತು.

1920ರಲ್ಲಿ ಸುತ್ತಲ ಪಟ್ಟಣಗಳನ್ನೆಲ್ಲ ಒಳಗೊಂಡ ಬೃಹತ್ ಬರ್ಲಿನ್ ಉದಯಿಸಿದುದು ಈ ಚರಿತ್ರೆಯ ಬಹುಮುಖ್ಯ ಘಟ್ಟ. 1926ರಲ್ಲಿ ಸಾರಿಗೆಯ ಹೊಣೆ ಹೊತ್ತ ಸಮಾಜವಾದಿ ಅರ್ನ್‌ಸ್ಟ್ ರಾಯ್ಟರ್ ಮೊದಲು ಎಲ್ಲ ವಾಹನಗಳಿಗೂ ಒಂದೇ ದರವೆಂದು 20 ಫೆನಿಗ್ ಟಿಕೆಟನ್ನು ತಂದು, ಅನಂತರ ಟ್ರಾಂ, ಬಸ್ಸು, ಸುರಂಗ ರೈಲುಗಳ ಮೂರು ಕಂಪನಿಗಳನ್ನೂ ಬೆಸೆದು 1929ರ ಜನವರಿ 1ರಂದು ಬಿ.ವಿ.ಜಿ. ಸಂಸ್ಥೆಯನ್ನು ಚಾಲನೆಗೆ ತಂದನು. ಆತನ ಜಾಣ್ಮೆಯನ್ನು ಇಲ್ಲಿ ಮೆಚ್ಚಬೇಕು: ಸಂಸ್ಥೆಯ ರೂಪ ಷೇರು ಕಂಪನಿಯದು, ಷೇರುಗಳು ಪೌರಸಭೆಯವು. ಖಾಸಗಿ ಉಡುಪಿನೊಳಗೆ ಸಾರ್ವಜನಿಕ ದೇಹವನ್ನಿರಿಸುವ ಈ ಯುಕ್ತಿ ಮುಂದೆ ಜರ್ಮನಿಯಲ್ಲೆಲ್ಲ ರೂಢಿಗೆ ಬಂದಿತು. ಸೀಮೆನ್ಸ್, ಎ.ಇ.ಜಿ.ಗಳು 1911ರಲ್ಲಿ ಹುಟ್ಟುಹಾಕಿದ ಹ್ಯಾಂಬರ್ಗಿನ ಹೋಖ್‌ಬಾನ್ ಕಂಪನಿಯೂ, 1918ರಲ್ಲಿ ಅಲ್ಲಿನ ಸರ್ಕಾರ ಅಧಿಕಾಂಶ ಷೇರುಗಳನ್ನು ಪಡೆದ ಮೇಲೆ, ಹೆಸರನ್ನು ಬದಲಿಸದೆಯೇ ಸ್ವಭಾವವನ್ನು ಬದಲಿಸಿಕೊಂಡಿದ್ದಿತು.

ಸಾರ್ವಜನಿಕವೆಂದ ಮಾತ್ರಕ್ಕೆ ಒಡೆಯ ಒಬ್ಬನೇ ಎಂದು ಭಾವಿಸುವವರಿಗೆ ಎರಡನೆಯ ಮಹಾಯುದ್ಧಾನಂತರದ ಬರ್ಲಿನ್ ಉತ್ತರ ಹೇಳುತ್ತದೆ. ನಗರ ಇಬ್ಭಾಗವಾದರೂ, ನಗರವನ್ನೂ ಉಪನಗರಗಳನ್ನೂ ಬೆಸೆಯುವ ಎಸ್-ಬಾನ್ ರೈಲು ಪಶ್ಚಿಮ ಭಾಗದಲ್ಲಿಯೂ ಪೂರ್ವ ಜರ್ಮನಿಯ ಸರ್ಕಾರಿ ರೈಲ್ವೆಯ ಅಧೀನದಲ್ಲಿಯೇ ಉಳಿಯಿತು. 1961ರಲ್ಲಿ ಬರ್ಲಿನ್ ಗೋಡೆ ಎದ್ದಾಗ ಪಶ್ಚಿಮದ ಜನರು, ತಾವು ತೆರುವ ಕಾಸು ಆ ಗೋಡೆಯ ಮುಳ್ಳುತಂತಿಗೆ ಸಲ್ಲುವುದೆಂದು ರೈಲನ್ನು ಬಹಿಷ್ಕರಿಸಿದರು, ನಿಲ್ದಾಣಗಳು ಪಾಳುಬಿದ್ದುವು, 1980ರಲ್ಲಿ ನೌಕರರ ಮುಷ್ಕರವಾಯಿತು, 1984ರ ಜನವರಿಯಲ್ಲಿ ಬಿ.ವಿ.ಜಿ. ಅದನ್ನು ವಹಿಸಿಕೊಂಡಿತು. ಎರಡು ಸರ್ಕಾರಗಳ ನಡುವೆ ನಡೆದ ಈ ಕಲಹದಲ್ಲಿ ಖಾಸಗಿಯವನ ಸುಳಿವೇ ಇಲ್ಲ. ಕೇಂದ್ರ, ರಾಜ್ಯಗಳ ಸಮಪಾಲಿನ ಬೆಂಗಳೂರು ಮೆಟ್ರೊದಲ್ಲಿ 2025ರ ಫೆಬ್ರವರಿಯಲ್ಲಿ ದರ ಏರಿದಾಗ ಹೊಣೆಯನ್ನು ಅವರಿವರ ಮೇಲೆ ಹೊರಿಸಿದ ಮಾತುಗಳನ್ನು ಕೇಳಿದವರಿಗೆ ಇದು ಅಪರಿಚಿತವೆನಿಸದು.

ಪಶ್ಚಿಮ ಜರ್ಮನಿಯ ಉಳಿದ ನಗರಗಳಲ್ಲಿ ಸ್ವಾಮ್ಯದ ಚರ್ಚೆ ಬಹುಕಾಲ ಮಲಗಿದ್ದಿತು. ನಗರದ ವಿದ್ಯುತ್ತು, ಅನಿಲಗಳ ಲಾಭದಿಂದ ಸಾರಿಗೆಯ ನಷ್ಟವನ್ನು ತುಂಬಿಕೊಳ್ಳುವ ಏರ್ಪಾಡು ಸಾಗುತ್ತಿದ್ದುದರಿಂದ ಜಗಳಕ್ಕೆ ಕಾರಣವಿರಲಿಲ್ಲ. ಫ್ರಾಂಕ್‌ಫರ್ಟಿನ (1968), ಮ್ಯೂನಿಕ್ಕಿನ (1971) ಸುರಂಗ ರೈಲುಗಳು ಈ ಶಾಂತಿಯಲ್ಲಿ ಹುಟ್ಟಿದುವು. 1965ರಲ್ಲಿ ಹ್ಯಾಂಬರ್ಗಿನಲ್ಲಿ, ಒಡೆಯರು ಬೇರೆಬೇರೆಯಾಗಿಯೇ ಇದ್ದು ದರ ಮತ್ತು ವೇಳಾಪಟ್ಟಿಗಳನ್ನು ಮಾತ್ರ ಒಂದುಗೂಡಿಸುವ ಸಾರಿಗೆ ಒಕ್ಕೂಟವು ಲೋಕದಲ್ಲಿಯೇ ಮೊದಲಿಗೆ ಸ್ಥಾಪಿತವಾಯಿತು. ಪ್ರಯಾಣಿಕನಿಗೆ ಇದರಿಂದಾದ ಉಪಕಾರ ಎಷ್ಟೋ ರಾಷ್ಟ್ರೀಕರಣಗಳಿಂದಾದುದಕ್ಕಿಂತ ಹೆಚ್ಚೆಂದು ನನ್ನ ಎಣಿಕೆ.

ದೇಶ ಮತ್ತೆ ಒಂದಾದ ತರುವಾಯ, 1994ರಲ್ಲಿ ಪೂರ್ವ, ಪಶ್ಚಿಮಗಳ ಸರ್ಕಾರಿ ರೈಲ್ವೆಗಳೆರಡೂ ಸೇರಿ ಡಾಯ್ಚ ಬಾನ್ ಎಂಬ ಷೇರು ಕಂಪನಿಯಾದುವು. ಷೇರೆಲ್ಲ ಒಕ್ಕೂಟ ಸರ್ಕಾರದವೇ. 1996ರಿಂದ ಸ್ಥಳೀಯ ರೈಲನ್ನು ಗುತ್ತಿಗೆಯಿಂದ ಓಡಿಸಿಕೊಳ್ಳುವ ಅಧಿಕಾರ ರಾಜ್ಯಗಳದಾಯಿತು. ಬರ್ಲಿನ್ನಿನ ಎಸ್-ಬಾನ್ ಈ ಕಂಪನಿಯ ಅಂಗಸಂಸ್ಥೆಯಾಯಿತು. ಡಾಯ್ಚ ಬಾನ್ ತನ್ನ ಷೇರುಗಳನ್ನು ಪೇಟೆಗೆ ತರಲು ಹವಣಿಸುತ್ತಿದ್ದ ವರ್ಷಗಳಲ್ಲಿ ಅಂಗಸಂಸ್ಥೆಗಳಿಂದ ಲಾಭವನ್ನು ಎದುರುನೋಡಿತು, ರಿಪೇರಿ ಕಾರ್ಖಾನೆಗಳು ಮುಚ್ಚಿದುವು, ನೌಕರರು ಕಡಿಮೆಯಾದರು. 2008ರ ಹಣಕಾಸಿನ ಬಿಕ್ಕಟ್ಟಿನಿಂದ ಷೇರು ಮಾರಾಟ ನಿಂತುಹೋಯಿತಾದರೂ ಮಿತವ್ಯಯದ ಫಲ ನಿಲ್ಲಲಿಲ್ಲ. 2009ರ ಮೇ 1ರಂದು ಬರ್ಲಿನ್ನಿನ ಕೌಲ್ಸ್‌ಡೋರ್ಫಿನಲ್ಲಿ ಚಕ್ರವೊಂದು ಒಡೆದು ರೈಲು ಹಳಿ ತಪ್ಪಲು, ರೈಲ್ವೆ ಸುರಕ್ಷತೆಯ ಒಕ್ಕೂಟ ಕಚೇರಿಯು ಮೇಲಿಂದ ಮೇಲೆ ತಪಾಸಣೆಯಾಗಬೇಕೆಂದು ವಿಧಿಸಿತು. ಆ ಕಟ್ಟಳೆ ಪಾಲನೆಯಾಗದಿದ್ದುದು ಹೊರಬಿದ್ದಾಗ ಗಾಡಿಗಳನ್ನು ಸಾಲುಸಾಲಾಗಿ ಹಿಂತೆಗೆಯಬೇಕಾಗಿ, ಜುಲೈ ತಿಂಗಳಿನಲ್ಲಿ ಓಡುತ್ತಿದ್ದುದು ಸುಮಾರು ಕಾಲುಭಾಗ ಮಾತ್ರ. ಯುದ್ಧವೂ ಇಲ್ಲ, ಮುಷ್ಕರವೂ ಇಲ್ಲ, ಷೇರಿನ ಒಡೆಯನು ಸರ್ಕಾರವೇ. ಆದರೂ ರಾಜಧಾನಿಯ ರೈಲು ಹೀಗೆ ನಿಂತಿತು. ಖಾಸಗೀಕರಣದ ಫಲವಿದೆಂದು ಎಡಪಂಥದವರೂ, ಸ್ಪರ್ಧೆಯಿಲ್ಲದ ಏಕಸ್ವಾಮ್ಯದ ಫಲವಿದೆಂದು ಬಲಪಂಥದವರೂ ಸಾಧಿಸಿದರು. ಬಿ.ವಿ.ಜಿ.ಯೂ ಇಂಥ ಮೋಹಗಳಿಂದ ದೂರವಿರಲಿಲ್ಲ: ತನ್ನ ಗಾಡಿಗಳನ್ನು ಅಮೆರಿಕದ ಹೂಡಿಕೆದಾರರಿಗೆ ಬಾಡಿಗೆಗಿತ್ತು ಮರಳಿ ಬಾಡಿಗೆಗೆ ಪಡೆಯುವ ಒಪ್ಪಂದಗಳಿಗೆ ಸಿಕ್ಕಿ, ಕಡೆಗೆ ಜೆ.ಪಿ. ಮಾರ್ಗನ್ ಬ್ಯಾಂಕಿನೊಡನೆ ಲಂಡನ್ ನ್ಯಾಯಾಲಯದಲ್ಲಿ ವ್ಯಾಜ್ಯವಾಡಿ 2014ರಲ್ಲಿ ರಾಜಿಯಾಯಿತು.

ಈಚಿನ ಏರ್ಪಾಡಿನಲ್ಲಿ ಸ್ವಾಮ್ಯವೇ ತುಂಡುತುಂಡಾಗಿದೆ. ಎಸ್-ಬಾನಿನ ಹಳಿ ಡಾಯ್ಚ ಬಾನಿನದು, ಓಡಿಸುವುದು ಟೆಂಡರಿನಲ್ಲಿ ಗೆದ್ದವರ ಪಾಲಿನದು, 2020ರಲ್ಲಿ ಕರೆದ ಟೆಂಡರಿನ ಹೊಸ ಗಾಡಿಗಳಾದರೋ ಬರ್ಲಿನ್ ರಾಜ್ಯದ ಸೊತ್ತಾಗತಕ್ಕವು. ಇಷ್ಟರ ನಡುವೆ 2023ರ ಮೇ ತಿಂಗಳಲ್ಲಿ, ದೇಶದ ಸ್ಥಳೀಯ ಸಾರಿಗೆಯಲ್ಲೆಲ್ಲ ಸಲ್ಲುವ ತಿಂಗಳ ಟಿಕೆಟ್ಟೊಂದು 49 ಯೂರೊ ದರಕ್ಕೆ ಬಂದು, ಗಾಡಿ ಯಾರದೆಂಬುದನ್ನು ಪ್ರಯಾಣಿಕನು ವಿಚಾರಿಸುವ ಅಗತ್ಯವನ್ನೇ ತಪ್ಪಿಸಿತು. ಅದರ ನಷ್ಟಕ್ಕಾಗಿ ಒಕ್ಕೂಟ ಸರ್ಕಾರ ಒಂದೆಡೆ, ರಾಜ್ಯಗಳೆಲ್ಲ ಸೇರಿ ಇನ್ನೊಂದೆಡೆ, ವರ್ಷಕ್ಕೆ ತಲಾ 150 ಕೋಟಿ ಯೂರೊ ಕೊಡಲೊಪ್ಪಿವೆ. ಮಿಕ್ಕ ಕೊರತೆಯನ್ನು ಯಾರು ತುಂಬಬೇಕೆಂಬ ಚೌಕಾಸಿ ಮುಗಿಯದೆ, ಟಿಕೆಟ್ಟಿನ ದರ 2025ರಲ್ಲಿ 58 ಯೂರೊಗೂ 2026ರಲ್ಲಿ 63 ಯೂರೊಗೂ ಏರಿದೆ.