ಹತ್ತು ಜನರ ನೀರು

ಶಿವಮೊಗ್ಗದಲ್ಲಿ ನಾವಿರುವ ವಸತಿ ಸಮುಚ್ಚಯದ ಅಂಗಳದಲ್ಲಿ ಒಂದು ಈಜುಕೊಳವಿದೆ. ಕಳೆದ ಬೇಸಗೆಯಲ್ಲಿ ಅದರಲ್ಲಿ ಈಜಿ ಬಂದ ನನ್ನ ಮೊಮ್ಮಗಳ ಕಣ್ಣು ಕೆಂಪಾಯಿತು. ನೆರೆಮನೆಯ ಹುಡುಗನ ಕಿವಿ ಸೋರಿತು. ನಿವಾಸಿಗಳ ಸಭೆ ಸೇರಿತು. ಔಷಧ ಹೆಚ್ಚಾಯಿತೆಂದರು ಕೆಲವರು, ಕಡಮೆಯಾಯಿತೆಂದರು ಕೆಲವರು. ಕೊಳವನ್ನೇ ಮುಚ್ಚಿಬಿಡಿ ಎಂದವರೂ ಉಂಟು. ಕೊನೆಗೆ ತಪ್ಪೆಲ್ಲ ಕೊಳ ನೋಡಿಕೊಳ್ಳುವ ಕೆಲಸಗಾರನ ತಲೆಗೆ ಬಂತು. ನಾನೂ ಸುಮ್ಮನೆ ತಲೆಯಾಡಿಸಿದೆ.

ಅಂದು ರಾತ್ರಿ ನನಗೆ ನೆನಪಾದದ್ದು ಶಾಸನಗಳು. ಹತ್ತು ಜನರ ನೀರು ನಮ್ಮ ಜಿಲ್ಲೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವನ್ನು ನಾವು ಕದಂಬ ಮಯೂರಶರ್ಮನ ಕಥೆಗಾಗಿ ಓದುತ್ತೇವೆ. ಆದರೆ 5ನೆಯ ಶತಮಾನದ ಆ ಶಾಸನ ಹುಟ್ಟಿದ್ದು ಒಂದು ಕೆರೆಯ ನಿಮಿತ್ತವಾಗಿ. ದೇವಾಲಯದ ಬಳಿ ಕಾಕುಸ್ಥವರ್ಮ ಮಾಡಿಸಿದ ಕೆರೆಯನ್ನು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕವಿ ಕುಬ್ಜ ಪದ್ಯಗಳಲ್ಲಿ ದಾಖಲಿಸಿದ್ದಾನೆ. ಸಾವಿರಕ್ಕೂ ಹೆಚ್ಚು ವರ್ಷ ಕಳೆದು ಕೆಳದಿಯ ಅರಸರ ಕಾಲಕ್ಕೆ ಬಂದರೆ, ನಗರದ ಸಮೀಪದ ದೇವಗಂಗೆ ಕಾಣುತ್ತದೆ. ಬೇರೆ ಬೇರೆ ಆಕಾರದ ಕಲ್ಲಿನ ಕೊಳಗಳು. ಬೆಟ್ಟದ ನೀರು ಒಂದು ಕಡೆ ಒಳಬಂದು ಇನ್ನೊಂದು ಕಡೆ ಹೊರಹೋಗುತ್ತದೆ. ಅಲ್ಲಿ ಹರಿವೇ ಮಡಿ.

ನಮ್ಮ ಈಜುಕೊಳದ ನೀರಾದರೋ ಹರಿದುಹೋಗದು. ಅದೇ ನೀರು ಶೋಧಕದ ಮೂಲಕ ಸುತ್ತಿ ಸುತ್ತಿ ಬರುತ್ತದೆ. ಹೊಸ ನೀರು ಮಾಡಬೇಕಾದ ಕೆಲಸದ ಒಂದು ಪಾಲನ್ನು ಅಲ್ಲಿ ಕ್ಲೋರಿನ್ ಮಾಡಬೇಕು. ಕಣ್ಣಿಗೆ ತಿಳಿಯಾದುದೆಲ್ಲ ಶುದ್ಧವಲ್ಲವೆಂಬ ಪಾಠವನ್ನು ಲೋಕ ಕಲಿತದ್ದು ಬಹಳ ಬೆಲೆ ತೆತ್ತು. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ, ಕಾಲರಾ ಸಾವುಗಳು ಒಂದು ಸಾರ್ವಜನಿಕ ಪಂಪಿನ ಸುತ್ತ ನೆರೆದಿರುವುದನ್ನು ತೋರಿಸಿ ಅದರ ಹಿಡಿಯನ್ನು ತೆಗೆಸಿದನು. 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯಲ್ಲಿ ಊರಿನ ನೀರಿಗೆ ನಿತ್ಯವೂ ಕ್ಲೋರಿನ್ ಬೆರೆಸುವ ಪದ್ಧತಿ ಬಂತು.

ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾದ ಮಿತ್ರರೊಬ್ಬರನ್ನು ಕರೆಸಿದೆ. ನೀರನ್ನು ಪರೀಕ್ಷಿಸಿ ಅವರೆಂದರು: “ಮೇಷ್ಟ್ರೇ, ಹತ್ತು ಲಕ್ಷ ಪಾಲು ನೀರಿಗೆ ಒಂದರಿಂದ ಮೂರು ಪಾಲು ಸ್ವತಂತ್ರ ಕ್ಲೋರಿನ್ ಇರಬೇಕು. ಇಲ್ಲಿ ಇಲ್ಲವೆನ್ನುವಷ್ಟು ಕಡಮೆ.” ಮತ್ತೆ ಈ ಘಾಟು? ಅದು ಬೆವರು, ಮೂತ್ರಗಳೊಡನೆ ಕ್ಲೋರಿನ್ ಕೂಡಿದಾಗ ಏಳುವ ಘಾಟು. ಕಣ್ಣು ಉರಿಸುವುದೂ ಅದೇ. ನಾವು ಔಷಧದ್ದೆಂದುಕೊಂಡ ವಾಸನೆ ನಮ್ಮದೇ ಕೊಳೆಯದಾಗಿತ್ತು!

ಕೆಲಸಗಾರ ಹೇಳಿದಷ್ಟು ಬ್ಲೀಚಿಂಗ್ ಪೌಡರನ್ನು ತಪ್ಪದೆ ಹಾಕಿದ್ದ. ಆದರೆ ಚೀಲ ಬಿಸಿಲಿನಲ್ಲಿ ಬಾಯ್ತೆರೆದು ಬಿದ್ದು ಸತ್ವ ಹಾರಿಹೋಗಿತ್ತು. ಅದನ್ನಿಡಲು ನೆರಳಿನ ಜಾಗ ಬೇಕೆಂದು ಅವನು ಎರಡು ಬಾರಿ ಕೇಳಿದ್ದನಂತೆ; ಕೊಡದವರು ನಾವು. “ತಪ್ಪಾಯಿತಪ್ಪಾ” ಎಂದೆ. ಅವನು “ಇರಲಿ ಬಿಡಿ ಸಾರ್” ಎಂದ.

ಈಗ ಪೌಡರು ನೆರಳಿನಲ್ಲಿ ಮುಚ್ಚಿದ ಡಬ್ಬಿಯಲ್ಲಿದೆ. ಮೈತೊಳೆಯದೆ ಯಾರೂ ಕೊಳಕ್ಕಿಳಿಯುವಂತಿಲ್ಲ. ದಿನಕ್ಕೆರಡು ಬಾರಿ ನೀರು ಪರೀಕ್ಷಿಸಿ ಹಲಗೆಯ ಮೇಲೆ ಬರೆಯುತ್ತಾರೆ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದು ಮೇಲೆಂಬ ಭಾವ ನಮ್ಮ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೂ ತಾಳಗುಂದದ ಕಲ್ಲಿನಲ್ಲಿ ಕೆರೆ ಮಾಡಿಸಿದವನ ಹೆಸರಿದೆ. ಅದರ ಹೂಳೆತ್ತಿದವರ ಹೆಸರಿಲ್ಲ. ನಮ್ಮ ಹಲಗೆಯ ಮೇಲೆ, ಅಂಕಿಗಳ ಪಕ್ಕದಲ್ಲಿ, ದಿನವೂ ಆ ಕೆಲಸಗಾರನ ಸಹಿ ಇರುತ್ತದೆ.