ಔಷಧದಾನದ ಎರಡು ಒರೆಗಲ್ಲುಗಳು

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ನಮ್ಮ ಆಚಾರ್ಯರು ದಾನವನ್ನು ನಾಲ್ಕು ಬಗೆಯಾಗಿ ಹೇಳಿದ್ದಾರೆ. ಇವುಗಳಲ್ಲಿ ಔಷಧದಾನದ ಹೊಣೆ ಹಿರಿದು. ಅನ್ನವಿತ್ತವನು ಹಸಿದವನ ತೃಪ್ತಿಯನ್ನು ಕಣ್ಣಾರೆ ಕಾಣುತ್ತಾನೆ. ಮದ್ದು ಕೊಟ್ಟವನಿಗೆ ಅದರ ಫಲ ಒಡನೆ ಕಾಣುವುದಿಲ್ಲ. ಸದ್ಭಾವದಿಂದ ಕೊಟ್ಟ ಮದ್ದೂ ಕೇಡು ಮಾಡಬಹುದು. ಆಯುರ್ವೇದ, ಹೋಮಿಯೋಪಥಿ, ಪ್ರಕೃತಿ ಚಿಕಿತ್ಸೆಗಳ ಉಚಿತ ಶಿಬಿರಗಳನ್ನು ಧರ್ಮಸಂಸ್ಥೆಗಳು ನಡೆಸುತ್ತಿರುವ ಈ ಕಾಲದಲ್ಲಿ, ಪೂರ್ವಿಕರು ಈ ಹೊಣೆಯನ್ನು ಹೇಗೆ ಹೊತ್ತರೆಂಬುದನ್ನು ಅರಿಯುವುದು ಅಗತ್ಯ.

ಈ ಚಿಂತನೆಗೆ ಯಳಂದೂರು ತಾಲ್ಲೂಕಿನ ಅಗರದ ಸೀಮೆ ತಕ್ಕ ನೆಲೆಯಾಗಿದೆ. ಒಂದು ಕಡೆ, ಗಿಡಮೂಲಿಕೆಗಳನ್ನು ತಲೆಮಾರುಗಳಿಂದ ಬಲ್ಲ ಸೋಲಿಗರು ವಾಸಿಸುವ ಬಿಳಿಗಿರಿರಂಗನ ಬೆಟ್ಟ. ಇನ್ನೊಂದು ಕಡೆ, ನೆರೆಯ ಚಾಮರಾಜನಗರ ತಾಲ್ಲೂಕಿನ ಮಲೆಯೂರಿನಲ್ಲಿ, ಪೂಜ್ಯಪಾದಾಚಾರ್ಯರ ತಪೋಭೂಮಿಯೆಂದು ಪರಂಪರೆಯು ನಂಬಿರುವ ಕನಕಗಿರಿ ಕ್ಷೇತ್ರ. ವ್ಯಾಕರಣಕ್ಕೂ ‘ಸರ್ವಾರ್ಥಸಿದ್ಧಿ’ಗೂ ಹೆಸರಾದ ಈ ಆಚಾರ್ಯರನ್ನು ಜೈನ ಪರಂಪರೆಯು ವೈದ್ಯಶಾಸ್ತ್ರಜ್ಞರೆಂದೂ ಸ್ಮರಿಸುತ್ತದೆ.

ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಾದ ಪ್ರಾಣಾವಾಯವೇ ಜೈನ ವೈದ್ಯದ ಮೂಲವೆಂಬುದು ಆಗಮದ ಮಾತು. ಆ ಪರಂಪರೆಯಲ್ಲಿ ನಮಗೆ ಉಳಿದಿರುವ ಪ್ರಮುಖ ಸಂಸ್ಕೃತ ಗ್ರಂಥ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಔಷಧಕ್ಕೆ ಮಾಂಸವು ಅನಿವಾರ್ಯವೆಂಬ ವಾದವನ್ನು ಅವರು ಖಂಡಿಸಿದರು. ಆ ಚರ್ಚೆಯೇ ಗ್ರಂಥದ ಕೊನೆಯಲ್ಲಿ ‘ಹಿತಾಹಿತ’ವೆಂಬ ಅಧ್ಯಾಯವಾಗಿದೆ. 1940ರಲ್ಲಿ ಸೊಲ್ಲಾಪುರದಿಂದ ಈ ಗ್ರಂಥವು ಹಿಂದಿ ಅನುವಾದದೊಡನೆ ಅಚ್ಚಾಯಿತು.

ಕನ್ನಡದ ಜೈನ ಕವಿಗಳೂ ಈ ಹಾದಿಯಲ್ಲಿ ನಡೆದರು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿ, ಮಾತು ಬಾರದ ಪ್ರಾಣಿಯೂ ಚಿಕಿತ್ಸೆಗೆ ಅರ್ಹವೆಂದು ತೋರಿಸಿದನು. ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನು ಅನುಸರಿಸಿ, ಮದ್ಯಮಾಂಸಗಳಿಲ್ಲದ ಚಿಕಿತ್ಸೆಯ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಬರೆದನು. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯವನ್ನೇ ವಿಷಯವಾಗಿಸಿಕೊಂಡಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಉಗ್ರಾದಿತ್ಯರು ಮಾಂಸವನ್ನು ನಿಷೇಧಿಸಿದರು, ರೋಗಿಯನ್ನು ಕೈಬಿಡಲಿಲ್ಲ. ಮಾಂಸವಿಲ್ಲದೆಯೂ ಗುಣಪಡಿಸಬಲ್ಲ ಮಾರ್ಗವನ್ನು ಕಟ್ಟಿಕೊಟ್ಟರು. ತಮ್ಮ ಹಿಂದಿನ ಆಚಾರ್ಯರನ್ನು ನೆನೆಯುವಾಗ ಶಾಲಾಕ್ಯಕ್ಕೆ ಪೂಜ್ಯಪಾದರನ್ನೂ ಶಸ್ತ್ರಚಿಕಿತ್ಸೆಯಾದ ಶಲ್ಯತಂತ್ರಕ್ಕೆ ಪಾತ್ರಸ್ವಾಮಿಯನ್ನೂ ಅವರು ಹೆಸರಿಸುತ್ತಾರೆ. ಅಂದರೆ ಅವರ ಮುಂದೆ ಎರಡು ಒರೆಗಲ್ಲುಗಳಿದ್ದವು: ಈ ಮದ್ದು ಇನ್ನೊಂದು ಜೀವಕ್ಕೆ ನೋವುಂಟುಮಾಡುತ್ತದೆಯೇ? ಈ ಮದ್ದು ರೋಗಿಯನ್ನು ನಿಜವಾಗಿ ಗುಣಪಡಿಸುತ್ತದೆಯೇ? ನಾವು ಮೊದಲನೆಯದನ್ನು ನೆನಪಿನಲ್ಲಿಟ್ಟುಕೊಂಡು ಎರಡನೆಯದನ್ನು ಮರೆಯುತ್ತಿದ್ದೇವೆ.

ಇಂದು ಬಳಕೆಯಲ್ಲಿರುವ ಎರಡು ಮಾತುಗಳ ಅಂತರವೂ ಇದೇ. ವೈದ್ಯರ ಚಿಕಿತ್ಸೆಯೊಡನೆ ಯೋಗ, ಪಥ್ಯ, ಅಭ್ಯಂಗಗಳನ್ನು ಸೇರಿಸಿಕೊಂಡರೆ ಅದು ಪೂರಕ ಚಿಕಿತ್ಸೆ. ಆ ಚಿಕಿತ್ಸೆಯನ್ನೇ ಬಿಟ್ಟು ಬೇರೊಂದನ್ನು ಹಿಡಿದರೆ ಅದು ಬದಲಿ ಚಿಕಿತ್ಸೆ. ಮೊದಲನೆಯದರಲ್ಲಿ ಅಪಾಯ ಕಡಿಮೆ. ಎರಡನೆಯದರಲ್ಲಿ ಕೆಲವೊಮ್ಮೆ ಪ್ರಾಣವೇ ಪಣ.

ಅಗರದ ಗದ್ದೆಯ ಬದುವಿನಲ್ಲಿ ಒಬ್ಬ ರೈತನಿಗೆ ಕೊಳಕುಮಂಡಲ ಕಚ್ಚಿತೆಂದು ಭಾವಿಸೋಣ. ಮಂಗರಾಜನ ಕಾಲದಲ್ಲಿ ಬೇರೂ ಮಂತ್ರವೂ ಅಲ್ಲದೆ ಗತಿಯಿರಲಿಲ್ಲ. ಇಂದು ಆಸ್ಪತ್ರೆಯಲ್ಲಿ ಪ್ರತಿವಿಷವಿದೆ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. ಆದರೆ ಆ ಪ್ರತಿವಿಷವನ್ನು ತಯಾರಿಸಲು ಕುದುರೆಗೆ ಅಲ್ಪ ಪ್ರಮಾಣದಲ್ಲಿ ವಿಷವನ್ನು ಚುಚ್ಚಿ, ಅದರ ರಕ್ತವನ್ನು ಪಡೆಯಬೇಕು. ಅಹಿಂಸಾವ್ರತಿಗೆ ಇದು ಮನಸ್ಸನ್ನು ಕಲಕುವ ಸಂಗತಿ. ಹಾಗೆಂದು ಆ ರೈತನನ್ನು ನಾಟಿಮದ್ದಿನೊಡನೆ ಮನೆಯಲ್ಲಿ ಮಲಗಿಸಿದರೆ ಅಹಿಂಸೆ ಪಾಲನೆಯಾಗುವುದಿಲ್ಲ. ಅವನ ಸಾವಿಗೆ ನಾವು ಪಾಲುದಾರರಾಗುತ್ತೇವೆ. ಗೃಹಸ್ಥನು ಮೊದಲು ತೊರೆಯಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ಜೀವವುಳಿಸಲು ಬೇರೆ ದಾರಿಯಿಲ್ಲದಾಗ ಪ್ರತಿವಿಷವನ್ನು ಪಡೆಯುವುದು ಆ ಬಗೆಯದಲ್ಲ. ಕುದುರೆಯ ನೋವನ್ನು ಮರೆಯದಿರುವುದು, ಮೇಲಾದ ದಾರಿಯನ್ನು ಹುಡುಕುವವರಿಗೆ ನೆರವಾಗುವುದು ನಮ್ಮ ಕರ್ತವ್ಯ.

ಅಂಥ ದಾರಿ ತೆರೆದುಕೊಳ್ಳುತ್ತದೆಂಬುದಕ್ಕೆ ಇನ್ಸುಲಿನ್ ಸಾಕ್ಷಿ. 1920ರ ದಶಕದಿಂದ ಅದನ್ನು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. 1982ರಲ್ಲಿ ಸೂಕ್ಷ್ಮಜೀವಿಗಳ ನೆರವಿನಿಂದ ತಯಾರಾದ ಮಾನವ ಇನ್ಸುಲಿನ್ ಬಳಕೆಗೆ ಬಂದಿತು. ಪ್ರಾಣಿಗಳ ಅಂಗ ಅನಿವಾರ್ಯವಾಗಿ ಉಳಿಯಲಿಲ್ಲ. ಮಾಂಸವಿಲ್ಲದ ಮದ್ದನ್ನು ಅರಸಿದ ಉಗ್ರಾದಿತ್ಯರಿಗೆ ಇದು ಸಂತೋಷ ತರುವ ಸುದ್ದಿಯಾಗುತ್ತಿತ್ತೆಂದು ನನ್ನ ನಂಬಿಕೆ.

ಸ್ಥಳೀಯ ಜ್ಞಾನಕ್ಕೂ ಆಧುನಿಕ ವೈದ್ಯಕ್ಕೂ ವೈರವಿರಬೇಕಿಲ್ಲ. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆಸ್ಪತ್ರೆಯನ್ನು ನಡೆಸುತ್ತಲೇ ಸೋಲಿಗರ ಮೂಲಿಕಾಜ್ಞಾನವನ್ನೂ ಗೌರವಿಸಿತು. ನಮ್ಮವರೇ ಮುನ್ನಡೆಸುವ ಶ್ರೀ ಧರ್ಮಸ್ಥಳ ಕ್ಷೇತ್ರದ ಹೆಸರಿನಲ್ಲಿ ಉಡುಪಿಯ ಆಯುರ್ವೇದ ಕಾಲೇಜು, ಉಜಿರೆಯ ಪ್ರಕೃತಿ ಚಿಕಿತ್ಸಾ ಕಾಲೇಜುಗಳ ಜೊತೆಗೆ ಧಾರವಾಡದ ವೈದ್ಯಕೀಯ ಕಾಲೇಜೂ ನಡೆಯುತ್ತಿದೆ.

ಎಲ್ಲ ಪದ್ಧತಿಗಳೂ ಸಮಾನವೆಂದು ಹೇಳುವುದೇ ಅನೇಕಾಂತವೆಂದು ಕೆಲವರು ಭಾವಿಸುತ್ತಾರೆ. ಅನೇಕಾಂತಕ್ಕೆ ನಯವೂ ಬೇಕು, ಪ್ರಮಾಣವೂ ಬೇಕು. ಆದುದರಿಂದ ಶಿಬಿರ ನಡೆಸುವ ಟ್ರಸ್ಟುಗಳು ಅರ್ಹ ವೈದ್ಯರನ್ನೇ ಕರೆಯಲಿ. ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಿರೆಂದು ಯಾರಿಗೂ ಹೇಳದಿರಲಿ. ತಮ್ಮ ಮದ್ದಿಗೆ ಮೀರಿದ ರೋಗವನ್ನು ಕಂಡೊಡನೆ ಆಸ್ಪತ್ರೆಗೆ ಕಳುಹಿಸಲಿ. ಹಾಗೆ ಕಳುಹಿಸಲು ಒಂದು ವಾಹನವನ್ನು ಸಿದ್ಧವಾಗಿಡುವುದೂ ಔಷಧದಾನವೇ.