ಹಗೇವು: ಸುಗ್ಗಿಯ ಮುಂದಾಲೋಚನೆಯ ಚರಿತ್ರೆ



ಸಂಕ್ರಾಂತಿಯ ದಿನ ಎಳ್ಳುಬೆಲ್ಲವನ್ನು ಬೀರಿ, ಸುಗ್ಗಿ ಬಂದಿತೆಂದು ಹರ್ಷಪಡುವ ಪಟ್ಟಣಿಗರಾದ ನಮಗೆ, ರೈತನ ವರ್ಷದ ದುಡಿಮೆ ಅಲ್ಲಿಗೆ ಮುಗಿಯಿತೆಂದು ತೋರುವುದು ಸಹಜ. ಪೈರು ಬೆಳೆಯಿತು, ಕೊಯ್ಲಾಯಿತು, ಇನ್ನೇನಿದೆ ಎಂದು ಕೇಳುತ್ತೇವೆ. ಆದರೆ ಮೈಸೂರು ಸೀಮೆಯ ಬೇಸಾಯದ ಚರಿತ್ರೆಯನ್ನು ಸ್ವಲ್ಪ ಸೂಕ್ಷ್ಮವಾಗಿ ನೋಡಿದರೆ, ಕುಡುಗೋಲನ್ನು ಕೆಳಗಿಟ್ಟ ದಿನದಿಂದ ಮತ್ತೆ ಕೂರಿಗೆಯನ್ನು ಹೂಡುವ ದಿನದವರೆಗಿನ ಅವಧಿಯಲ್ಲಿಯೇ ರೈತನ ವಿವೇಕವು ನಿಜವಾಗಿ ಪರೀಕ್ಷೆಗೆ ಒಳಗಾಗುತ್ತಿದ್ದಿತೆಂಬುದು ಗೊತ್ತಾಗುತ್ತದೆ. ಈ ಮಾತನ್ನು ರಾಗಿಯ ಬೆಳೆಯೊಂದನ್ನೇ ಹಿಡಿದು ವಿಚಾರಮಾಡೋಣ.

ಮಳೆಯನ್ನೇ ನೆಚ್ಚಿದ ಕೆಂಪು ಭೂಮಿಯಲ್ಲಿ ಹೈನುರಾಗಿಯನ್ನು ಆಷಾಢದ ಸುಮಾರಿಗೆ ಬಿತ್ತುವುದು ವಾಡಿಕೆ. ಅದರ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲುಗಳಿರುತ್ತವೆ. ರಾಗಿಯು ಕಾರ್ತಿಕ ಮಾರ್ಗಶಿರಗಳಲ್ಲಿ ಮಾಗಿದರೆ, ಅವರೆಯೂ ತೊಗರಿಯೂ ಅನಂತರವೂ ಹೊಲದಲ್ಲಿ ನಿಂತು ಕಾಯಿ ಕಟ್ಟುತ್ತವೆ. ಒಂದು ಬೆಳೆ ಕೈಕೊಟ್ಟರೆ ಮತ್ತೊಂದು ಉಳಿಸೀತೆಂಬ ಎಣಿಕೆ ಇದರಲ್ಲಿದೆ. ಬೇಳೆಯ ಜಾತಿಯ ಗಿಡಗಳ ಬೇರಿನಲ್ಲಿ ಗಾಳಿಯ ಸಾರಜನಕವು ಸಂಗ್ರಹವಾಗಿ ಮುಂದಿನ ವರ್ಷದ ಪೈರಿಗೆ ಒದಗುತ್ತದೆಂಬುದನ್ನು ವಿಜ್ಞಾನವು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಿದ್ಧಪಡಿಸಿತು. ಅದರ ಫಲವನ್ನು ನಮ್ಮ ಒಕ್ಕಲಿಗನು ಬಹುಕಾಲದ ಅನುಭವದಿಂದ ಬಲ್ಲವನಾಗಿದ್ದನು.

ಕೊಯ್ಲಿಗೆ ದಿನವನ್ನು ಗೊತ್ತುಮಾಡುವುದೂ ಸುಲಭವಲ್ಲ. ರಾಗಿಯ ತೆನೆಗಳೆಲ್ಲ ಏಕಕಾಲದಲ್ಲಿ ಬಲಿಯುವುದಿಲ್ಲ. ಬೇಗ ಕೊಯ್ದರೆ ಕಾಳು ಜೊಳ್ಳು. ತಡೆದರೆ ಉದುರಿ ಹೊಲದ ಪಾಲು. ಕೊಯ್ದ ಮೇಲೆ ಅರಿಗಳನ್ನು ಕೆಲವು ದಿನ ಹೊಲದಲ್ಲಿಯೇ ಒಣಗಿಸಿ, ಕಂತೆ ಕಟ್ಟಿ, ತೆನೆಗಳು ಒಳಮುಖವಾಗಿರುವಂತೆ ಮೆದೆ ಒಟ್ಟುತ್ತಿದ್ದರು. ಮಾಗಿಯ ಒಣಹವೆಯಲ್ಲಿ ಕಣವನ್ನು ಸಗಣಿಯಿಂದ ಸಾರಿಸಿ, ಎತ್ತುಗಳಿಗೆ ಕಲ್ಲಿನ ಗುಂಡನ್ನು ಕಟ್ಟಿ, ಸಾವಕಾಶವಾಗಿ ಒಕ್ಕಣೆ ಮಾಡುತ್ತಿದ್ದರು. ಈ ಸಾವಕಾಶವು ಸೋಮಾರಿತನವಲ್ಲ. ಹಸಿ ಆರದ ಕಾಳು ಸಂಗ್ರಹಕ್ಕೆ ನಿಲ್ಲದು.

ಇನ್ನು ಕಣದಲ್ಲಿನ ರಾಶಿಯ ವಿಚಾರ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ರಾಶಿಯ ಹಂಚಿಕೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ದೇವರ ಪಾಲು, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ ಮೊದಲಾದವರಿಗೆ ಸಲ್ಲುವ ಪಾಲು, ಸರ್ಕಾರದ ಪಾಲು, ಕಡೆಗೆ ಒಕ್ಕಲಿಗನ ಪಾಲು. ನೇಗಿಲಿನ ಗುಳವನ್ನು ಹರಿತಮಾಡಿಕೊಟ್ಟ ಕಮ್ಮಾರನಿಗೆ ವರ್ಷದ ಸಂಬಳವೆಂದರೆ ಕಣದಲ್ಲಿ ಅಳೆದು ಕೊಡುವ ಕಾಳೇ. ಆದುದರಿಂದ ಮಳೆ ತಪ್ಪಿದರೆ ಒಕ್ಕಲಿಗನೊಬ್ಬನೇ ಅಲ್ಲ, ಊರಿಗೆ ಊರೇ ಬರಿಗೈಯಾಗುತ್ತಿದ್ದಿತು.

ಆ ದಿನ ಬಂದೇ ಬರುವುದೆಂಬ ಅರಿವಿನಿಂದ ಹುಟ್ಟಿದುದು ಹಗೇವು. ನೀರು ನಿಲ್ಲದ ಗಟ್ಟಿ ನೆಲದಲ್ಲಿ, ಬಾಯಿ ಕಿರಿದಾಗಿಯೂ ಒಡಲು ವಿಸ್ತಾರವಾಗಿಯೂ ಇರುವಂತೆ ಅಗೆದು, ತಳಕ್ಕೂ ಪಕ್ಕಗಳಿಗೂ ಹುಲ್ಲನ್ನು ಹೊದಿಸಿ, ರಾಗಿಯನ್ನು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಆಮ್ಲಜನಕವನ್ನು ಕಳೆಯುವುದರಿಂದ ಅಲ್ಲಿ ಅಂಗಾರಾಮ್ಲವಾಯು ತುಂಬಿ, ಹುಳುಹುಪ್ಪಟೆಗಳು ಬದುಕಲಾರವು. ಮನುಷ್ಯನೂ ಬದುಕಲಾರನು. ಹಗೇವನ್ನು ತೆರೆದೊಡನೆ ಇಳಿದವರು ಪ್ರಾಣ ಕಳೆದುಕೊಂಡುದುಂಟು; ಅದಕ್ಕಾಗಿಯೇ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಮೊದಲು ದೀಪವನ್ನು ಇಳಿಸಿ ನೋಡುವ ಜಾಗರೂಕತೆ ರೂಢಿಗೆ ಬಂದಿತು. ಹೀಗೆ ಹೂತಿಟ್ಟ ರಾಗಿಯು ವರ್ಷಗಟ್ಟಲೆ ಕೆಡದೆ ನಿಲ್ಲುತ್ತಿದ್ದಿತು. ಬತ್ತಕ್ಕೆ ಈ ತಾಳಿಕೆಯಿಲ್ಲ. ಕನಕದಾಸರು ರಾಮಧಾನ್ಯಚರಿತ್ರೆಯಲ್ಲಿ ವ್ರೀಹಿಗೂ ನರೆದಲೆಗನಿಗೂ ವ್ಯಾಜ್ಯವನ್ನು ಹೂಡಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಕೆಡದೆ ಉಳಿದ ರಾಗಿಗೆ ಶ್ರೀರಾಮನಿಂದ ಮನ್ನಣೆ ಕೊಡಿಸಿದುದು ಬರಿಯ ಕವಿಕಲ್ಪನೆಯಲ್ಲ. ಹಗೇವಿನ ಅನುಭವವುಳ್ಳ ನಾಡಿನ ತೀರ್ಪು ಅದು.

ಆದರೆ ಹಗೇವಿನ ಕಾಳು ಊಟಕ್ಕೆ; ಬಿತ್ತನೆಗಲ್ಲ. ಬಿತ್ತನೆಯ ಬೀಜವನ್ನು ಒಳ್ಳೆಯ ತೆನೆಗಳಿಂದ ಆರಿಸಿ, ಬಿಸಿಲಿಗೆ ಹಾಕಿ, ಬೂದಿಯನ್ನೋ ಬೇವಿನ ಎಲೆಯನ್ನೋ ಬೆರೆಸಿ, ಮನೆಯ ಹೆಂಗಸರು ಮಡಕೆಗಳಲ್ಲಿ ಬೇರೆಯಾಗಿ ಕಾಪಾಡುತ್ತಿದ್ದರು. ಅತ್ತ ಗಂಡಸರು ಮಾಗಿಯ ಉಳುಮೆಗೆ ನೇಗಿಲು ಹೂಡಿ, ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಊಟದ ಕಾಳು, ಬಿತ್ತನೆಯ ಬೀಜ, ಉಳುವ ಎತ್ತು, ಎತ್ತಿಗೆ ಹುಲ್ಲು, ಈ ನಾಲ್ಕೂ ಕೂಡಿದರೆ ಮಾತ್ರ ಬರುವ ವರ್ಷವೆಂಬುದಿತ್ತು.

ಈ ನಾಲ್ಕೂ ಒಟ್ಟಿಗೆ ಮುರಿದುಬಿದ್ದ ಕಾಲವೊಂದು ಬಂದಿತು. 1875ರಲ್ಲಿ ಮಳೆ ಕಡಮೆಯಾಯಿತು, 1876ರಲ್ಲಿ ಕೈಕೊಟ್ಟಿತು, 1877ರ ಮುಂಗಾರೂ ಮೋಸಮಾಡಿತು. ಒಂದು ವರ್ಷದ ಬರವನ್ನು ಹಗೇವು ತಡೆಯಬಲ್ಲದು. ಮೇಲಿಂದ ಮೇಲೆ ಬಂದ ಬರವನ್ನು ತಡೆಯಲಾರದೆ ಹೋಯಿತು. ಹುಲ್ಲಿಲ್ಲದೆ ಎತ್ತುಗಳು ಸತ್ತವು. ಹಸಿದ ಮನೆಯಲ್ಲಿ ಬೀಜದ ಮಡಕೆಯನ್ನು ಕಾಯುವವರಾರು? 1864ರಿಂದಲೇ ಬೆಂಗಳೂರಿಗೆ ರೈಲುದಾರಿಯಿದ್ದು ಹೊರಗಿನ ಧಾನ್ಯವು ಅಲ್ಲಿಯವರೆಗೆ ಬಂದಿತು. ಅಲ್ಲಿಂದಾಚೆಗೆ ಗಾಡಿಗಳಲ್ಲಿ ಸಾಗಿಸಬೇಕು, ಗಾಡಿ ಎಳೆಯಬೇಕಾದ ಎತ್ತುಗಳೇ ಇಲ್ಲ. ಸಂಸ್ಥಾನದ ಜನಸಂಖ್ಯೆ 1871ರ ಖಾನೇಷುಮಾರಿಯಲ್ಲಿ 50 ಲಕ್ಷ 55 ಸಾವಿರವಿದ್ದುದು, 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ವೃದ್ಧಿಯಾಗಬೇಕಾಗಿದ್ದ ಹತ್ತು ವರ್ಷಗಳಲ್ಲಿ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಜನ ಕಡಮೆಯಾಗಿದ್ದರು. 1877ರ ಹಿಂಗಾರಿನಲ್ಲಿ ಮಳೆ ಬಂದಾಗ ಅದನ್ನು ಉಪಯೋಗಿಸಿಕೊಳ್ಳಲು ಎಷ್ಟೋ ಮನೆಗಳಲ್ಲಿ ಬೀಜವೂ ಇರಲಿಲ್ಲ, ಎತ್ತೂ ಇರಲಿಲ್ಲ, ಕೆಲವೆಡೆ ಮನೆಯವರೂ ಇರಲಿಲ್ಲ.

ಒಕ್ಕಲಿಗನು ಒಬ್ಬಂಟಿಯಾಗಿ ಮಾಡುವ ಮುಂದಾಲೋಚನೆಗೆ ಒಂದು ಮಿತಿಯುಂಟು, ಅದರಾಚೆಗೆ ಸಮಾಜವೇ ಮುಂದಾಲೋಚನೆ ಮಾಡಬೇಕು ಎಂಬ ಪಾಠವನ್ನು ನಾಡು ಇಷ್ಟು ಬೆಲೆಕೊಟ್ಟು ಕಲಿಯಿತು. ಬರಪರಿಹಾರದ ಕೆಲಸವಾಗಿ ಆರಂಭವಾದ ಬೆಂಗಳೂರು–ಮೈಸೂರು ರೈಲುದಾರಿಯು 1882ರಲ್ಲಿ ಮೈಸೂರನ್ನು ಮುಟ್ಟಿತು. 1899ರಲ್ಲಿ ರೀಜೆಂಟರಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ವ್ಯವಸಾಯದ ಪ್ರಯೋಗಗಳಿಗಾಗಿ ಕೊಟ್ಟರು. 1913ರಲ್ಲಿ ವ್ಯವಸಾಯದ ಇಲಾಖೆ ಸ್ಥಾಪಿತವಾಗಿ ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅದರ ಮುಖ್ಯಾಧಿಕಾರಿಗಳಾದರು. ಅಜ್ಜಿಯು ಮಡಕೆಗಾಗಿ ಒಳ್ಳೆಯ ತೆನೆಯನ್ನು ಆರಿಸುತ್ತಿದ್ದ ಕೆಲಸವನ್ನೇ ಹೆಬ್ಬಾಳದ ಕ್ಷೇತ್ರದಲ್ಲಿ ಲೆಕ್ಕವಿಟ್ಟು, ಅಳತೆಮಾಡಿ, ವರ್ಷವರ್ಷವೂ ನಡೆಸಲಾಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಂಡ್ಯದ ವಿಶ್ವೇಶ್ವರಯ್ಯ ನಾಲಾಕ್ಷೇತ್ರದಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಅದರ ತವರಾದ ಆಫ್ರಿಕದ ರಾಗಿಯೊಡನೆ ಸಂಕರಿಸಿ ಇಂಡಾಫ್ ತಳಿಗಳನ್ನು ಪಡೆದುದು ಈ ಪರಂಪರೆಯ ಮುಂದಿನ ಹೆಜ್ಜೆ.

ಇಂದು ಹಗೇವುಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಹಳೆಯ ಊರುಗಳಲ್ಲಿ ನೆಲ ಕುಸಿದಾಗ ಮಾತ್ರ ಇಲ್ಲೊಂದು ಹಗೇವಿತ್ತೆಂದು ತಿಳಿಯುತ್ತದೆ. ಅವುಗಳ ಸ್ಥಾನದಲ್ಲಿ ಸರ್ಕಾರದ ಉಗ್ರಾಣಗಳು ಬಂದಿವೆ. ಹಿಂದಿನದೇ ಚೆನ್ನೆಂದು ಹಂಬಲಿಸಲು ಕಾರಣವಿಲ್ಲ. 1877ನ್ನು ಬಲ್ಲವರು ಹಾಗೆ ಹೇಳಲಾರರು. ಆದರೂ ಒಂದು ಮಾತನ್ನು ನೆನಪಿನಲ್ಲಿಡಬೇಕು. ತನ್ನ ಮನೆಯಂಗಳದ ಹಗೇವಿನಲ್ಲಿ ಎಷ್ಟು ಖಂಡುಗ ಉಳಿದಿದೆ, ಅದು ಎಷ್ಟು ತಿಂಗಳಿಗೆ ಸಾಕು ಎಂಬುದು ಹಿಂದಿನ ಒಕ್ಕಲಿಗನಿಗೆ ಗೊತ್ತಿರುತ್ತಿದ್ದಿತು. ಪಟ್ಟಣದಲ್ಲಿರುವ ನಮಗೆ ನಮ್ಮ ಉಗ್ರಾಣದ ಲೆಕ್ಕ ಗೊತ್ತಿಲ್ಲ. ಕೇಳುವ ಅಭ್ಯಾಸವೂ ತಪ್ಪಿದೆ. ಮುಂದಾಲೋಚನೆಯ ಭಾರವು ಒಕ್ಕಲಿಗನ ಹೆಗಲಿನಿಂದ ಸಮಾಜದ ಹೆಗಲಿಗೆ ಬಂದಿದೆಯೆಂದರೆ, ಅದು ನಮ್ಮ ಹೆಗಲಿಗೂ ಬಂದಿದೆಯೆಂದೇ ಅರ್ಥ. ಮುಂದಿನ ಸಂಕ್ರಾಂತಿಯಂದು ಎಳ್ಳುಬೆಲ್ಲವನ್ನು ಕೈಗೆ ತೆಗೆದುಕೊಳ್ಳುವಾಗ, ಈ ವರ್ಷ ಏನು ಬೆಳೆಯಿತೆಂದು ಕೇಳುವುದರ ಜೊತೆಗೆ, ಬರುವ ವರ್ಷಕ್ಕೆ ಏನು ಉಳಿಯಿತೆಂದೂ ಕೇಳೋಣ.